ಹದಿಮೂರನೆಯ ಸಾಲು

ಎಲ್ಲರಿಗೂ ಮುಂಬಯಿಯಿಂದ ನಮಸ್ಕಾರ. ಅಂಧೇರಿಯ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ದಿನದ ಲೆಕ್ಕದ ಫೈಲುಗಳನ್ನು ರಾತ್ರಿ ಎರಡು ಗಂಟೆಗೆ ಪುಣೆಯ ಸರ್ವರಿಗೆ ತಲುಪಿಸುವ ಸ್ಕ್ರಿಪ್ಟೊಂದು, ಅಂದರೆ ಪರ್ಲ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಮು, ನನ್ನ ಪಾಲಿಗೆ ಬಂತು. ಅದರ ಹನ್ನೆರಡನೆಯ ಸಾಲಿನಲ್ಲಿ ಪಾಸ್‌ವರ್ಡ್ ಬಟಾಬಯಲಾಗಿ ಕುಳಿತಿತ್ತು. ಹದಿಮೂರನೆಯ ಸಾಲು ಹೋಸ್ಟ್ ಕೀಯ, ಅಂದರೆ ಎದುರಿನ ಸರ್ವರಿನ ಗುರುತಿನ, ಪರಿಶೀಲನೆಯನ್ನು ನಿಲ್ಲಿಸಿ, ಪರಿಚಿತ ಸರ್ವರುಗಳ ಪಟ್ಟಿಯ ಜಾಗದಲ್ಲಿ ಹಾಕಿದ್ದೆಲ್ಲ ಮಾಯವಾಗುವ ಡೆವ್ ನಲ್ಲನ್ನು ತೋರಿಸಿತ್ತು. ನೋಡಿದವರೆಲ್ಲ ಹನ್ನೆರಡನೆಯದನ್ನೇ ಬೈದರು. ನನ್ನ ತಕರಾರು ಹದಿಮೂರನೆಯದರ ಮೇಲೆ.

ಫೈಲು ಸಾಗಿಸುವ ಹಳೆಯ ವಿಧಾನವಾದ ಎಫ್‌ಟಿಪಿ, ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ಸಾಗಿಸುತ್ತಿತ್ತು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳು ಕಳುವಾದ ಮೇಲೆ ಟಾಟು ಯುಲೋನೆನ್ 1995ರಲ್ಲಿ, ಯಂತ್ರಗಳ ನಡುವಿನ ಮಾತನ್ನು ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಬರೆದರು. ಆದರೆ ಗೂಢಲಿಪಿ ಕಾಯುವುದು ದಾರಿಯನ್ನಷ್ಟೇ. ಎದುರಿನ ಯಂತ್ರ ಯಾರದೆಂದು ಕೇಳದೆ ಕಳುಹಿಸುವುದೆಂದರೆ, ಲೆಕ್ಕದ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬಾಗಿಲು ತೆರೆದವರ ಮುಖವನ್ನೂ ನೋಡದೆ ಪೆಟ್ಟಿಗೆಯ ಜೊತೆಗೆ ಬೀಗದ ಕೈಯನ್ನೂ ಕೊಟ್ಟು ಬಂದಂತೆ. ಒಂದು ಶನಿವಾರ ಪುಣೆಯವರು ಸರ್ವರನ್ನೇ ಬದಲಿಸಿದ್ದರು. ನಮ್ಮ ಸ್ಕ್ರಿಪ್ಟು ಮೂರು ರಾತ್ರಿ ತುಟಿಪಿಟಕ್ಕೆನ್ನದೆ ಫೈಲು ಕಳುಹಿಸಿತು. ಎದುರಿಗಿದ್ದದ್ದು ನಮ್ಮದೇ ಯಂತ್ರ, ನಿಜ, ಆದರೆ ಅದು ಸ್ಕ್ರಿಪ್ಟಿಗೆ ಗೊತ್ತಿರಲಿಲ್ಲ.

ಪೈಥಾನಿನಲ್ಲಿ ಬರೆದುಬಿಡಿ ಎಂಬ ಸಲಹೆಯೂ ಬಂತು. 1987ರ ಭಾಷೆಯೆಂದು ಪರ್ಲನ್ನು ಹಳಿಯುವುದು ಸುಲಭ. ಆ ಹದಿಮೂರನೆಯ ಸಾಲನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು. ನಾನು ಪರ್ಲಿನಲ್ಲೇ ಉಳಿದು, ಎಸ್‌ಎಸ್‌ಎಚ್ ಮೂಲಕ ಫೈಲು ಸಾಗಿಸುವ ನೆಟ್ ಎಸ್‌ಎಫ್‌ಟಿಪಿ ಫಾರಿನ್ ಎಂಬ ಸಿದ್ಧ ಮಾಡ್ಯೂಲನ್ನು ಬಳಸಿದೆ. ಅದು ಯಂತ್ರದಲ್ಲಿರುವ ಎಸ್‌ಎಸ್‌ಎಚ್ ಅನ್ನೇ ಕರೆಯುವುದರಿಂದ ಹೋಸ್ಟ್ ಕೀ ನೋಡುವ ಹೊಣೆ ಅದಕ್ಕೇ ಸೇರುತ್ತದೆ. ಪಾಸ್‌ವರ್ಡಿನ ಜಾಗಕ್ಕೆ ನಮ್ಮ ಗುರುತನ್ನು ಸರ್ವರಿಗೆ ಸಾಬೀತುಪಡಿಸುವ ಬೇರೊಂದು ಕೀ ಬಂತು. ರಾತ್ರಿ ಎರಡಕ್ಕೆ ಪಾಸ್‌ಫ್ರೇಸ್, ಅಂದರೆ ಕೀಯನ್ನು ತೆರೆಯುವ ಗುಪ್ತಪದ, ಟೈಪಿಸಲು ಯಾರೂ ಇರುವುದಿಲ್ಲವಾದ್ದರಿಂದ ಆ ಕೀಗೆ ಪಾಸ್‌ಫ್ರೇಸ್ ಇಲ್ಲ. ಅದಕ್ಕೇ ಪುಣೆಯ ಕಡೆ ಅದರ ಕೈ ಕಟ್ಟಿಸಿದ್ದೇನೆ. ಜಾಲದಲ್ಲಿನ ನಮ್ಮ ಯಂತ್ರದ ಐಪಿ ವಿಳಾಸದಿಂದ ಬಂದರಷ್ಟೇ ಪ್ರವೇಶ, ಬಂದರೂ ಫೈಲು ಇಡುವುದನ್ನು ಬಿಟ್ಟು ಬೇರೆ ಅಪ್ಪಣೆಯಿಲ್ಲ. ಫೈಲು ಪೂರ್ತಿ ತಲುಪುವವರೆಗೆ ತಾತ್ಕಾಲಿಕ ಹೆಸರಿನಲ್ಲಿರುತ್ತದೆ, ಆಮೇಲೆ ನಿಜವಾದ ಹೆಸರು ಪಡೆಯುತ್ತದೆ. ಅರ್ಧ ಬಂದ ಲೆಕ್ಕವನ್ನು ಯಾರೂ ಓದಿಬಿಡಬಾರದಲ್ಲ.

ಈಗ ಸರ್ವರಿನ ಹೋಸ್ಟ್ ಕೀ ತಾಳೆಯಾಗದಿದ್ದರೆ ಸ್ಕ್ರಿಪ್ಟು ಅಲ್ಲಿಗೇ ನಿಂತು ನನಗೆ ಸಂದೇಶ ಕಳುಹಿಸುತ್ತದೆ. ಕಳೆದ ಬಾರಿ ಹಾಗಾದಾಗ ಅಪರಾತ್ರಿಯಲ್ಲಿ ಪುಣೆಗೆ ಫೋನಾಯಿಸಿದೆ. ಆ ಕಡೆಯವರು ಬೆಳಗಾವಿಯವರು; ಆಕಳಿಸುತ್ತಲೇ ಹೋಸ್ಟ್ ಕೀಯ ಚುಟುಕು ಗುರುತಾದ ಫಿಂಗರ್‌ಪ್ರಿಂಟಿನ ನಲವತ್ತಮೂರು ಅಕ್ಷರಗಳನ್ನು ದೊಡ್ಡದ್ಯಾವುದು, ಸಣ್ಣದ್ಯಾವುದು ಎಂದು ಒಂದೊಂದಾಗಿ ಓದಿ ಹೇಳಿದರು, ನಾನು ಗುರುತು ಹಾಕಿಕೊಳ್ಳುತ್ತ ಹೋದೆ.