ಎತ್ತರ ಬಿಡಿ, ಓಡಿಸಿ

ಕೇಳುಗರಿಗೆ ನಮಸ್ಕಾರ. ತಾಲೂಕು ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಲು ಒದ್ದಾಡುತ್ತಿರುವ ಪಿ.ಟಿ. ಮೇಷ್ಟ್ರುಗಳೇ, ಇವತ್ತಿನ ಮಾತು ಮುಖ್ಯವಾಗಿ ನಿಮಗೆ. "ಏನ್ ಮಾಡೋದು ಸಾರ್, ನಮ್ಮಲ್ಲಿ ಆರಡಿ ಹುಡುಗರೇ ಸಿಗಲ್ಲ" ಅನ್ನುವ ದೂರು ಕೇಳಿ ಕೇಳಿ ನನಗೆ ಸಾಕಾಗಿದೆ. ಎತ್ತರ ಬಿಡಿ. ಇರುವ ಹುಡುಗರನ್ನು ಓಡಿಸಿ.

ಅಮೆರಿಕದಲ್ಲಿ ಜಾನ್ ಮೆಕ್ಲೆಂಡನ್ ಅಂತ ಒಬ್ಬ ಕೋಚ್ ಇದ್ದರು. ಕಪ್ಪು ಜನಾಂಗದವರು. 1933ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದರು. ಬಣ್ಣದ ಕಾರಣಕ್ಕೆ ತಂಡದಲ್ಲಿ ಜಾಗ ಸಿಗಲಿಲ್ಲ. ಆದರೆ ಮೇಷ್ಟ್ರಾಗಿ ಸಿಕ್ಕಿದ್ದು ಯಾರು ಗೊತ್ತಾ? ಈ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್! ಇಡೀ ಅಂಕಣದ ತುಂಬ ಆಡಬೇಕು ಅನ್ನುವುದನ್ನು ಮೆಕ್ಲೆಂಡನ್ ಕಲಿತದ್ದು ಅವರಿಂದ.

ಮುಂದೆ ಡರ್ಹಾಮ್ ಊರಿನ ಪುಟ್ಟ ಕಾಲೇಜೊಂದಕ್ಕೆ ಕೋಚ್ ಆದರು. ನಾರ್ತ್ ಕ್ಯಾರೊಲಿನಾ ಕಾಲೇಜು, ಕಪ್ಪು ವಿದ್ಯಾರ್ಥಿಗಳದ್ದು. ಅಲ್ಲಿ ಅವರು ಕಲಿಸಿದ್ದು ಇಷ್ಟೆ: ಎದುರಾಳಿಯ ಶಾಟ್ ತಪ್ಪಿತೋ, ರಿಬೌಂಡ್, ಅಂದರೆ ಪುಟಿದು ವಾಪಸ್ ಬಂದ ಚೆಂಡು, ಹಿಡಿದವನು ಚೆಂಡು ತಟ್ಟುತ್ತಾ ನಿಲ್ಲುವ ಹಾಗಿಲ್ಲ. ತಕ್ಷಣ ಪಾಸ್. ಉಳಿದವರು ಆಗಲೇ ಆಚೆ ತುದಿಗೆ ಓಡುತ್ತಿರಬೇಕು. ಅದೇ ಫಾಸ್ಟ್ ಬ್ರೇಕ್.

ಈಗ ಒಂದು ಕಥೆ ಹೇಳಲೇಬೇಕು. ಅದೇ ಊರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ತಂಡ ಭಾರೀ ಜೋರಾಗಿತ್ತು. ಎಲ್ಲ ಬಿಳಿಯರು. ಕರಿಯರು ಬಿಳಿಯರು ಒಟ್ಟಿಗೆ ಬಸ್ಸಿನಲ್ಲಿ ಕೂರುವುದೂ ತಪ್ಪು ಅನ್ನುವ ಕಾಲ. ಎರಡೂ ಕಡೆಯವರು ಗುಟ್ಟಾಗಿ ಪಂದ್ಯ ಗೊತ್ತುಮಾಡಿಕೊಂಡರು. 1944ರ ಮಾರ್ಚ್ 12, ಭಾನುವಾರ ಬೆಳಿಗ್ಗೆ. ಊರೆಲ್ಲ ಚರ್ಚಿನಲ್ಲಿತ್ತು. ಡ್ಯೂಕ್ ಹುಡುಗರು ಸುತ್ತುದಾರಿಯಲ್ಲಿ ಕಾರು ಓಡಿಸಿಕೊಂಡು ಬಂದರು. ಜಿಮ್‌ನ ಬಾಗಿಲಿಗೆ ಬೀಗ. ಪ್ರೇಕ್ಷಕರಿಗೆ ಪ್ರವೇಶವಿಲ್ಲ, ಆದರೆ ರೆಫರಿ ಇದ್ದರು, ಗಡಿಯಾರ ಇತ್ತು. ಮೊದಮೊದಲು ಮೆಕ್ಲೆಂಡನ್ ಹುಡುಗರಿಗೆ ಕೈ ನಡುಗಿ ಶಾಟ್‌ಗಳೇ ಬೀಳಲಿಲ್ಲ. ಆಮೇಲೆ ಓಡಲು ಶುರು ಮಾಡಿದರು ನೋಡಿ! 88-44. ಸರಿಯಾಗಿ ಎರಡರಷ್ಟು.

ಅಲ್ಲಿಗೇ ಮುಗಿಯಲಿಲ್ಲ. ತಂಡಗಳನ್ನು ಕಲಸಿ ಇನ್ನೊಂದು ಪಂದ್ಯ ಆಡಿದರು. ಯಾರು ಯಾವ ಕಡೆ ಅಂತ ತಿಳಿಯಬೇಕಲ್ವಾ? ಒಂದು ಕಡೆಯವರು ಅಂಗಿ ಬಿಚ್ಚಿದರು, ಅಷ್ಟೆ. ಗುಟ್ಟು ಹೇಗೆ ಉಳಿಯಿತು ಅಂದರೆ, ಈ ಪಂದ್ಯ ಲೋಕಕ್ಕೆ ಗೊತ್ತಾಗಿದ್ದು 1996ರಲ್ಲಿ.

ಕಥೆ ಉದ್ದವಾಯಿತು, ಉಳಿದದ್ದು ಬೇಗ ಹೇಳುತ್ತೇನೆ. ನ್ಯಾಶ್‌ವಿಲ್‌ನ ಟೆನೆಸಿ ಎ ಅಂಡ್ ಐ ಕಾಲೇಜಿಗೆ 1957, 58, 59, ಸತತ ಮೂರು ವರ್ಷ ಸಣ್ಣ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ಅಲ್ಲೂ ಅದೇ ಓಟ. 1966ರಲ್ಲಿ ಬಿಳಿಯರೇ ಹೆಚ್ಚಿದ್ದ ಕ್ಲೀವ್‌ಲ್ಯಾಂಡ್ ಸ್ಟೇಟ್‌ಗೆ ಕೋಚ್. 1979ರಲ್ಲಿ ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದರು, ಅದೂ ಆಟಕ್ಕೆ ಕೊಡುಗೆ ಕೊಟ್ಟವರು ಅಂತ. ಕೋಚ್ ಅಂತ ಸೇರಿಸಿದ್ದು 2016ರಲ್ಲಿ. ಅಷ್ಟೊತ್ತಿಗೆ ಅವರು ತೀರಿಕೊಂಡು 17 ವರ್ಷ! ಏನನ್ನಬೇಕು ಇದಕ್ಕೆ?

ಅಭ್ಯಾಸದ ಕ್ರಮ ಪೂರ್ತಿ ಹೇಳಬೇಕೆಂದಿದ್ದೆ, ಸಮಯವಿಲ್ಲ. ಒಂದೇ ಒಂದು ಬರೆದುಕೊಳ್ಳಿ. ಐದು ಹುಡುಗರು, ಒಂದು ಚೆಂಡು. ನೆಲಕ್ಕೆ ತಟ್ಟದೆ, ಬರೀ ಪಾಸ್ ಮಾಡುತ್ತಾ ಈ ತುದಿಯಿಂದ ಆ ತುದಿಗೆ ಓಟ, ಕೊನೆಯಲ್ಲಿ ಲೇ-ಅಪ್, ಅಂದರೆ ಬುಟ್ಟಿಯ ಹತ್ತಿರಕ್ಕೆ ಓಡಿ ಹಾರಿ ಚೆಂಡು ಹಾಕುವುದು. ನಾಳೆ ಬೆಳಿಗ್ಗೆಯೇ ಮಾಡಿಸಿ. ನಮಸ್ಕಾರ.