ಮಾಳಿಗೆಗೊಂದು ಮೋಟುಗೋಡೆ

ಕೇಳುಗರಿಗೆ ನಮಸ್ಕಾರ. ಕೊಲಬೇಡ ಎಂಬ ಮಾತು ಕನ್ನಡದ ಕಿವಿಗೆ ಹೊಸದಲ್ಲ. ವಚನಕಾರರ ಕಾಲದಿಂದ, ಅದಕ್ಕೂ ಹಿಂದೆ ಜೈನ ಬಸದಿಗಳ ಕಾಲದಿಂದ, ಈ ನೆಲ ಅದನ್ನು ಕೇಳುತ್ತ ಬಂದಿದೆ. ಬೈಬಲಿನ ದಶಾಜ್ಞೆಗಳಲ್ಲಿ ಬರುವ ಅಂಥದೇ ಮಾತನ್ನು ಕ್ರೈಸ್ತರು ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂಬುದು ಈ ಹೊತ್ತಿನ ವಿಷಯ.

ಮೊದಲು ಎಣಿಕೆಯ ತೊಡಕೊಂದನ್ನು ಬಿಡಿಸಿಬಿಡೋಣ. ಶಿವಾಜಿನಗರದಲ್ಲಿರುವ ಕಥೋಲಿಕರ ಸೇಂಟ್ ಮೇರೀಸ್ ಬಸಿಲಿಕಾಕ್ಕೆ ಹೋಗುವ ಮಗು ಇದನ್ನು ಐದನೆಯ ಆಜ್ಞೆ ಎಂದರೆ, ಎಂ.ಜಿ. ರಸ್ತೆಯಲ್ಲಿರುವ ಪ್ರೊಟೆಸ್ಟಂಟರ ಸೇಂಟ್ ಮಾರ್ಕ್ಸ್ ಕೆಥೆಡ್ರಲ್‌ಗೆ ಹೋಗುವ ಮಗು ಆರನೆಯದು ಎನ್ನುತ್ತದೆ. ಇಬ್ಬರದೂ ಸರಿ. ವಿಗ್ರಹಗಳನ್ನು ಕುರಿತ ಆಜ್ಞೆಯನ್ನು ಕಥೋಲಿಕರೂ ಲೂಥರನರೂ ಮೊದಲನೆಯದರಲ್ಲಿಯೇ ಸೇರಿಸುತ್ತಾರೆ, ಉಳಿದವರು ಬೇರೆಯಾಗಿ ಎಣಿಸುತ್ತಾರೆ.

ಹೀಬ್ರೂ ಮೂಲದಲ್ಲಿ ಇರುವುದು ಎರಡೇ ಪದ. ಕನ್ನಡ ಬೈಬಲು ಅದನ್ನು ‘ನರಹತ್ಯ ಮಾಡಬಾರದು’ ಎಂದಿದೆ. ಬರಿದೇ ‘ಕೊಲ್ಲಬಾರದು’ ಎನ್ನದಿದ್ದದ್ದು ಒಳ್ಳೆಯದೇ ಆಯಿತು. ಏಕೆಂದರೆ ಬಲಿಯ ಪ್ರಾಣಿಯನ್ನು ಕೊಯ್ಯುವುದಕ್ಕೂ ರಣರಂಗದಲ್ಲಿ ಶತ್ರುವನ್ನು ಕೊಲ್ಲುವುದಕ್ಕೂ ಹೀಬ್ರೂ ಸಾಮಾನ್ಯವಾಗಿ ಬೇರೆ ಕ್ರಿಯಾಪದಗಳನ್ನು ಬಳಸುತ್ತದೆ. ಹಾಗೆಂದು ಆಜ್ಞೆಯಲ್ಲಿರುವ ಪದ ಹೊಂಚುಹಾಕಿ ಮಾಡಿದ ಕೊಲೆಗೆ ಮಾತ್ರ ಮೀಸಲೂ ಅಲ್ಲ. ಬೈಬಲಿನ ಅರಣ್ಯಕಾಂಡವೆಂಬ ಪುಸ್ತಕದ 35ನೆಯ ಅಧ್ಯಾಯವು ಕೈತಪ್ಪಿ ಒಬ್ಬನ ಸಾವಿಗೆ ಕಾರಣನಾದವನಿಗೂ ಅದೇ ಪದವನ್ನು ಬಳಸುತ್ತದೆ. ಅಂಥವನು ಸೇಡಿಗೆ ಸಿಕ್ಕದಿರಲೆಂದು ಆರು ಆಶ್ರಯನಗರಗಳನ್ನು ಗೊತ್ತುಮಾಡುತ್ತದೆ, ಮಹಾಯಾಜಕನು ತೀರಿಕೊಳ್ಳುವವರೆಗೂ ಅಲ್ಲಿಯೇ ಇರಬೇಕೆಂದು ವಿಧಿಸುತ್ತದೆ. ಅವನಿಗೆ ಮರಣದಂಡನೆಯಿಲ್ಲ; ಆದರೆ ಏನೂ ನಡೆದಿಲ್ಲವೆಂಬಂತೆ ಮನೆಗೆ ಮರಳುವ ಹಾಗೂ ಇಲ್ಲ.

ಹೀಗಾಗಿ ಈ ಆಜ್ಞೆಯನ್ನು ನಾನು ಓದುವುದು ಬೈಬಲಿನದೇ ಇನ್ನೊಂದು ಪುಸ್ತಕವಾದ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ ಒಂದು ಸಣ್ಣ ಕಟ್ಟಳೆಯ ಜೊತೆಗೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಮೋಟುಗೋಡೆ ಎಬ್ಬಿಸಬೇಕು. ಅದಿಲ್ಲದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ ಎನ್ನುತ್ತದೆ ಅದು. ನಮ್ಮ ಮೇಸ್ತ್ರಿಗಳು ಪ್ಯಾರಾಪೆಟ್ ಎನ್ನುವುದು ಇದನ್ನೇ. ಮೂವತ್ತು-ನಲವತ್ತರ ಸೈಟಿನಲ್ಲಿ ನಾಲ್ಕಂತಸ್ತು ಎಬ್ಬಿಸಿ, ಬಾಡಿಗೆಗೆ ಜನರನ್ನೂ ತುಂಬಿಸಿ, ತಾರಸಿಯ ಗೋಡೆಯನ್ನು ಆಮೇಲೆ ನೋಡೋಣ ಎನ್ನುವ ಬೆಂಗಳೂರಿಗೆ ಇದಕ್ಕಿಂತ ನೇರವಾದ ಧರ್ಮಬೋಧೆ ಬೇಕೆ? ಇಲ್ಲಿ ಯಾರಿಗೂ ಯಾರ ಮೇಲೂ ದ್ವೇಷವಿಲ್ಲ, ಆಯುಧವಿಲ್ಲ. ಇರುವುದು ಉಳಿತಾಯದ ಲೆಕ್ಕ ಮಾತ್ರ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ ಮನುಷ್ಯನನ್ನು ಇಳಿಸುವುದನ್ನು ನಮ್ಮ ದೇಶದ ಕಾಯಿದೆ 2013ರಲ್ಲಿ ನಿಷೇಧಿಸಿತು. ದಶಾಜ್ಞೆಗಳನ್ನು ಬಾಯಿಪಾಠ ಮಾಡಿದವರು ಅಲ್ಲಿಯವರೆಗೆ ಕಾಯಬೇಕಾಗಿರಲಿಲ್ಲ. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1529ರ ತನ್ನ ಪ್ರಶ್ನೋತ್ತರಮಾಲೆಗಳಲ್ಲಿ ಈ ಆಜ್ಞೆಯನ್ನು ವಿವರಿಸುವಾಗ, ಹಸಿದವನನ್ನು ಕಂಡೂ ಉಣಿಸದವನು ಅವನನ್ನು ಉಪವಾಸದಿಂದ ಸಾಯಿಸಿದಂತೆಯೇ ಎನ್ನುತ್ತಾನೆ.

ಹಾಗಾದರೆ ಯುದ್ಧ, ಮರಣದಂಡನೆ? ಇಲ್ಲಿ ಕ್ರೈಸ್ತರಲ್ಲಿ ಒಮ್ಮತವಿಲ್ಲ. ಮನುಷ್ಯನ ರಕ್ತ ಸುರಿಸುವವನ ರಕ್ತವನ್ನು ಮನುಷ್ಯನೇ ಸುರಿಸುವನು, ಏಕೆಂದರೆ ಮನುಷ್ಯನು ದೇವರ ಸ್ವರೂಪದಲ್ಲಿ ಉಂಟಾದವನು ಎಂಬ ಆದಿಕಾಂಡದ ಮಾತನ್ನು ಎರಡೂ ಪಕ್ಷದವರು ಹಿಡಿದು ಎಳೆಯುತ್ತಾರೆ: ಒಬ್ಬರಿಗೆ ಅದು ಗಲ್ಲಿಗೆ ಅಪ್ಪಣೆ, ಇನ್ನೊಬ್ಬರಿಗೆ ಗಲ್ಲಿಗೇರುವವನಲ್ಲಿಯೂ ಇರುವ ದೈವಸ್ವರೂಪದ ನೆನಪು. ಮೆನ್ನೊನೈಟರು, ಕ್ವೇಕರರು ಎಂಬ ಸಣ್ಣ ಕ್ರೈಸ್ತ ಪಂಗಡಗಳವರು ಯುದ್ಧವನ್ನೇ ಒಲ್ಲೆವೆಂದರು. ದೊಡ್ಡ ಸಭೆಗಳು ನ್ಯಾಯಯುದ್ಧವೆಂಬ ವಾದವನ್ನು ಕಟ್ಟಿಕೊಂಡವು. ಆದರೂ ಥೆಸಲೋನಿಕದ ಜನರನ್ನು ಕೊಲ್ಲಿಸಿದ ರೋಮನ್ ಚಕ್ರವರ್ತಿ ಥಿಯೊಡೋಸಿಯಸನಿಗೆ 390ರಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್, ಪಶ್ಚಾತ್ತಾಪಪಡುವವರೆಗೆ ಪ್ರಭುಭೋಜನವಿಲ್ಲ, ಅಂದರೆ ಆರಾಧನೆಯ ರೊಟ್ಟಿ-ದ್ರಾಕ್ಷಾರಸದಲ್ಲಿ ಪಾಲಿಲ್ಲ, ಎಂದದ್ದನ್ನೂ ಮರೆಯಬಾರದು. ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಕಥೋಲಿಕ ಧರ್ಮಸಭೆಯ ಬೋಧನೆಯನ್ನು ಪೋಪ್ ಫ್ರಾನ್ಸಿಸ್ 2018ರಲ್ಲಿ ತಿದ್ದಿದರು. ನನ್ನ ಒಲವು ಅತ್ತಲೇ. ಬೈಬಲಿನ ಮೊದಲ ಕೊಲೆಗಾರ ಕಾಯಿನನು ತಮ್ಮನಾದ ಹೇಬೆಲನನ್ನು ಕೊಂದಾಗ, ದೇವರು ಅವನನ್ನು ನೆಲೆಯಿಲ್ಲದೆ ಅಲೆಯುವಂತೆ ಶಪಿಸಿದರೂ, ಯಾರೂ ಅವನನ್ನು ಕೊಲ್ಲದಿರಲೆಂದು ಗುರುತೊಂದನ್ನೂ ಇಟ್ಟನಲ್ಲ!

ಯೇಸು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಈ ಆಜ್ಞೆಯನ್ನು ಎತ್ತಿಕೊಂಡು, ಸಹೋದರನ ಮೇಲೆ ಸಿಟ್ಟುಗೊಳ್ಳುವವನೂ ನ್ಯಾಯವಿಚಾರಣೆಗೆ ಗುರಿಯಾಗುವನು ಎಂದನು. ಸಿಟ್ಟೂ ಕೊಲೆಯೂ ಒಂದೇ ಎಂದು ಪ್ರಸಂಗಪೀಠಗಳಿಂದ ಎಷ್ಟೋ ಸಲ ಕೇಳಿದ್ದೇನೆ, ನನಗದು ಒಪ್ಪಿಗೆಯಿಲ್ಲ. ಸ್ವತಃ ಯೇಸುವೇ ಸಿಟ್ಟಾದದ್ದನ್ನು ಮಾರ್ಕನ ಸುವಾರ್ತೆ ಹೇಳುತ್ತದೆ. ಆತನು ಬೊಟ್ಟುಮಾಡಿದ್ದು ಎದುರಿನವನನ್ನು ತಲೆಯಿಲ್ಲದವನೇ, ಮೂರ್ಖನೇ ಎಂದು ತಳ್ಳಿಹಾಕುವ ತಾತ್ಸಾರದ ಕಡೆಗೆ, ಅಂದರೆ ಅವನು ಲೆಕ್ಕಕ್ಕೇ ಇಲ್ಲವೆನ್ನುವ ಮನಸ್ಸಿನ ಕಡೆಗೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸಿಕೊಂಡು ನಾವು ಬೈಯುವ ಬೈಗುಳಗಳು ಈ ಜಾತಿಯವೇ, ನಾನೂ ಹೊರತಲ್ಲ.

ಅದರ ಬೆನ್ನಿಗೇ ಆತನು ಹೇಳುವುದು ಕಾಣಿಕೆಯ ಮಾತು. ಯಜ್ಞವೇದಿಯ ಬಳಿ ನಿಂತಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ದೂರು ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನ ಸಂಗಡ ಒಂದಾಗು, ಆಮೇಲೆ ಬಂದು ಅರ್ಪಿಸು. ಕೇಳುತ್ತಿದ್ದವರಲ್ಲಿ ಗಲಿಲಾಯದವರಿದ್ದರು; ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಕಾಲ್ನಡಿಗೆಯಲ್ಲಿ ಹಲವು ದಿನಗಳ ದಾರಿ. ಅಷ್ಟು ದೂರ ಹಿಂದಿರುಗಿ, ರಾಜಿಯಾಗಿ, ಮತ್ತೆ ಅಷ್ಟೇ ದೂರ ನಡೆದು ಬರುವವರೆಗೆ ಕಾಣಿಕೆ ಅಲ್ಲಿಯೇ ಕಾಯುತ್ತಿರಲಿ ಎಂಬುದು ಆತನ ಮಾತಿನ ಅರ್ಥ. ನಮಸ್ಕಾರ.