ಸ್ಟೇಷನ್ ಎಲ್ಲಿದೆ ನೋಡಿ, ಊರು ಗೊತ್ತಾಗತ್ತೆ

ಎಲ್ರಿಗೂ ನಮಸ್ಕಾರ. ಯೂರೋಪ್ ಅಂದ ತಕ್ಷಣ ನಮ್ಮೋರು ಕೇಳೋದು ಎರಡೇ, ರೈಲ್ ಪಾಸ್ ತಗೋಬೇಕಾ, ವೆಜ್ ಊಟ ಸಿಗತ್ತಾ. ಪಾಸ್ ವಿಷಯಕ್ಕೆ ಆಮೇಲೆ ಬರ್ತೀನಿ, ಊಟ ಸಿಗತ್ತೆ ಬಿಡಿ. ನಾನು ಹೇಳೋದೇನಂದ್ರೆ ಹಳೇ ಊರಿಗೆ ಹೋಗೋ ಮುಂಚೆ ಮ್ಯಾಪಲ್ಲಿ ಸ್ಟೇಷನ್ ಎಲ್ಲಿದೆ ನೋಡಿ, ಆ ಊರಿನ ಅರ್ಧ ಕಥೆ ಅಲ್ಲೇ ಸಿಗತ್ತೆ.

ರೈಲು ಬಂದಿದ್ದು 19ನೇ ಶತಮಾನದಲ್ಲಿ, ಅಷ್ಟೊತ್ತಿಗೆ ಈ ಊರುಗಳ ಒಳಗಡೆ ಕಾಲಿಡಕ್ಕೆ ಜಾಗ ಇರ್ಲಿಲ್ಲ, ಎಷ್ಟೋ ಕಡೆ ಸುತ್ತ ಕೋಟೆ ಗೋಡೆ ಬೇರೆ, ಹಂಗಾಗಿ ಸ್ಟೇಷನ್ ಗೋಡೆಯಿಂದ ಆಚೆ. ಇಟಲಿಯ ಲುಕ್ಕಾದಲ್ಲಿ ಇದು ಕಣ್ಣಿಗೇ ಕಾಣತ್ತೆ, ಸ್ಟೇಷನ್ನಿಂದ ನಾಕು ಹೆಜ್ಜೆ ನಡೆದ್ರೆ ಕೋಟೆ, ಸುತ್ತಳತೆ 4 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಇವತ್ತಿಗೂ ಪೂರ್ತಿ ನಿಂತಿದೆ, ಅದರ ಮೇಲೇ ಜನ ಸೈಕಲ್ ಹೊಡೀತಾರೆ. ಪಕ್ಕದ ಫ್ಲಾರೆನ್ಸ್ 1865ರಲ್ಲಿ ಇಟಲಿಗೆ ರಾಜಧಾನಿ ಆಯ್ತು ನೋಡಿ, ಅವ್ರು ಗೋಡೆನ ಬಹುಪಾಲು ಕೆಡವಿ ಅಗಲದ ರಸ್ತೆ ಮಾಡ್ಕೊಂಡ್ರು.

ಜರ್ಮನಿಯ ಕಲೋನ್ ಮಾತ್ರ ಉಲ್ಟಾ. ಸ್ಟೇಷನ್ ಬಾಗಿಲು ದಾಟಿದ್ರೆ ತಲೆ ಮೇಲೇ ಕ್ಯಾಥೆಡ್ರಲ್! 1248ರಲ್ಲಿ ಶುರುವಾದ ಕಟ್ಟಡ, 16ನೇ ಶತಮಾನದಲ್ಲಿ ಕೆಲಸ ನಿಂತೋಯ್ತು, 1842ರಲ್ಲಿ ಮತ್ತೆ ಶುರು, ಮುಗಿದಿದ್ದು 1880ಕ್ಕೆ. ಪಕ್ಕದಲ್ಲಿ ಸ್ಟೇಷನ್ ಓಪನ್ ಆಗಿದ್ದು 1859, ಅಂದ್ರೆ ಮೊದಲು ಇಲ್ಲಿ ಇಳಿದವರಿಗೆ ಈ 157 ಮೀಟರಿನ ಗೋಪುರಗಳು ಕಾಣಲೇ ಇಲ್ಲ, ಅರ್ಧಕ್ಕೆ ನಿಂತ ದಕ್ಷಿಣ ಗೋಪುರ, ಅದರ ಮೇಲೆ ಮಧ್ಯಯುಗದ ಮರದ ಕ್ರೇನು, ಅದನ್ನ ಇಳಿಸಿದ್ದು 1868ರಲ್ಲಿ. ನಾವು ಹಳೇದು ಅಂತ ಫೋಟೋ ತೆಗಿಯೋ ಗೋಪುರಕ್ಕಿಂತ ಸ್ಟೇಷನ್ನೇ ಮೊದಲು ಬಂದಿದ್ದು! ರೈಲು ಬದಲಾಯಿಸೋ ಗ್ಯಾಪಲ್ಲಿ ಎರಡು ಗಂಟೆ ಸಿಕ್ರೆ ಲಗೇಜ್ ಲಾಕರಿಗೆ ಹಾಕಿ ಒಳಗೆ ಹೋಗಿ, ಮಂಡಿ ಗಟ್ಟಿ ಇದ್ರೆ 533 ಮೆಟ್ಲು ಹತ್ತಿ.

ಇನ್ನು ವೆನಿಸ್. 1846ರ ತನಕ ದೋಣೀಲೇ ಹೋಗ್ಬೇಕಿತ್ತು, ಆಮೇಲೆ ಆಸ್ಟ್ರಿಯಾ ಆಡಳಿತದಲ್ಲಿ ನೀರಿನ ಮೇಲೆ ರೈಲು ಸೇತುವೆ ಬಂತು. ಸ್ಟೇಷನ್ನಿಗೆ ಜಾಗ ಬೇಕಲ್ಲ, ಸಾಂತಾ ಲೂಚಿಯಾ ಚರ್ಚನ್ನ ಕೆಡವಿದ್ರು, ಹೆಸರು ಮಾತ್ರ ಸ್ಟೇಷನ್ನಿಗೆ ಉಳೀತು. ನನ್ನ ಕೇಳಿದ್ರೆ ವೆನಿಸ್ಸಿಗೆ ರೈಲಲ್ಲೇ ಹೋಗ್ಬೇಕು, ಮೆಟ್ಲು ಇಳಿದ್ರೆ ಸೀದಾ ಗ್ರ್ಯಾಂಡ್ ಕೆನಾಲ್. ಆದ್ರೆ ಅದಕ್ಕಿಂತ ಮುಂಚೆ ವೆನೇಜಿಯಾ ಮೆಸ್ತ್ರೆ ಅಂತ ಒಂದು ಸ್ಟೇಷನ್ ಬರತ್ತೆ, ವೆನೇಜಿಯಾ ಅಂದ್ರೆ ಇಟಾಲಿಯನ್‌ನಲ್ಲಿ ವೆನಿಸ್, ಆ ಹೆಸರು ನೋಡಿ ಇಳಿದುಬಿಡಬೇಡಿ, ಅದು ದಡದ ಮೇಲಿನ ಊರು.

ಈಗ ಪಾಸು. ಒಂದೇ ದೇಶದಲ್ಲಿ ನಾಕೈದು ಊರು ಅಂದ್ರೆ ಸಾಮಾನ್ಯವಾಗಿ ಬೇಡ, ಇಟಲಿಯ ಫ್ರೆಚ್ಚಾರೊಸ್ಸಾ ಥರದ ಫಾಸ್ಟ್ ರೈಲಿಗೆ ಪಾಸ್ ಇದ್ರೂ ರಿಸರ್ವೇಷನ್ ದುಡ್ಡು ಬೇರೆ ಕೊಡ್ಬೇಕು. ಅವಕ್ಕೆ ಮುಂಚೆನೇ ಬುಕ್ ಮಾಡಿ, ಚೀಪಾಗಿ ಸಿಗತ್ತೆ. ಇಟಲಿಯ ಲೋಕಲ್ ರೈಲಿಗೆ ಅವತ್ತೇ ತಗೊಂಡ್ರೂ ರೇಟು ಅಷ್ಟೇ, ಪೇಪರ್ ಟಿಕೆಟ್ ಆದ್ರೆ ಹತ್ತೋ ಮುಂಚೆ ಪ್ಲಾಟ್‌ಫಾರ್ಮ್ ಮಷೀನಲ್ಲಿ ಸ್ಟ್ಯಾಂಪ್ ಹಾಕಿಸ್ಕೊಳ್ಳಿ, ಇಲ್ಲಾಂದ್ರೆ ಕೈಯಲ್ಲಿ ಟಿಕೆಟ್ ಇದ್ರೂ ಫೈನ್.